ಯಾರೂ ನೋಡದ ಹೊತ್ತಿನ ಪಾಠ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಮಸೂತಿಗಳಲ್ಲಿ ದಿನಕ್ಕೊಂದು ಗಂಟೆ ನಡೆಯುವ ‘ಅರಬಿ ಸಾಲಿ’ ಮಕ್ಕಳ ಶೀಲವನ್ನು ಕಟ್ಟಬಲ್ಲುದೆ? ಕಟ್ಟಬಲ್ಲುದು. ಆದರೆ ಬರಿಯ ಕಂಠಪಾಠದಿಂದಲ್ಲ, ಬೆತ್ತದಿಂದಂತೂ ಅಲ್ಲ. ವಿಜಾಪುರದ ಸೂಫಿಗಳು ಬೀಸುವ ಕಲ್ಲಿನ ಬಳಿಯಲ್ಲಿ ಶತಮಾನಗಳ ಹಿಂದೆಯೇ ತೋರಿಸಿದ ದಾರಿಯೊಂದುಂಟು.

ರಂಜಾನ್ ತಿಂಗಳ ಒಂದು ಮಧ್ಯಾಹ್ನ. ತಾಳಿಕೋಟಿಯ ಓಣಿಗಳಲ್ಲಿ ನೆಲ ಕಾದು, ನಾಯಿಗಳು ಕೂಡ ಕಟ್ಟೆಯ ನೆರಳನ್ನು ಬಿಟ್ಟು ಕದಲದಿರುವ ಹೊತ್ತಿನಲ್ಲಿ, ಜೀವಮಾನದ ಮೊದಲ ರೋಜಾ ಹಿಡಿದ ಹತ್ತು ವರುಷದ ಬಾಲಕನೊಬ್ಬನು ಜೋಹರ್ ನಮಾಜಿಗಾಗಿ ವುಜೂ ಮಾಡಲೆಂದು ಬಚ್ಚಲುಮನೆಯನ್ನು ಹೊಕ್ಕು ಬಾಗಿಲನ್ನೆಳೆದುಕೊಳ್ಳುತ್ತಾನೆ.

ಒಳಗೆ ಹಂಡೆಯ ತುಂಬ ತಣ್ಣೀರಿದೆ. ತಾಯಿ ಒಳಮನೆಯಲ್ಲಿ ಒರಗಿದ್ದಾಳೆ, ತಂದೆ ಅಂಗಡಿಯಲ್ಲಿದ್ದಾನೆ, ಪಾಠ ಹೇಳುವ ಹಜರತರು ಮಸೂತಿಯಲ್ಲಿದ್ದಾರೆ. ಬಾಯಿ ಮುಕ್ಕಳಿಸುವ ನೀರಿನಲ್ಲಿ ಅರ್ಧ ಗುಟುಕು ಗಂಟಲಿಗಿಳಿದರೆ ಅದನ್ನು ಅರಿಯಬಲ್ಲವರು ಆ ಊರಿನಲ್ಲಿ ಒಬ್ಬರೂ ಇಲ್ಲ. ಆದರೂ ಬಾಲಕನು ಕಡೆಯ ಹನಿಯನ್ನೂ ಉಗುಳಿ, ಒಣಗಿದ ತುಟಿಗಳನ್ನು ಒರೆಸಿಕೊಂಡು, ಹೊರಕ್ಕೆ ಬರುತ್ತಾನೆ.

ಇದು ಒಂದು ಮನೆಯ ವಿಶೇಷ ವೃತ್ತಾಂತವಲ್ಲ. ರಂಜಾನಿನಲ್ಲಿ ಈ ಸೀಮೆಯ ಮನೆಮನೆಗಳಲ್ಲಿ, ಯಾರ ಶ್ಲಾಘನೆಗೂ ಕಾಯದೆ, ಸದ್ದಿಲ್ಲದೆ ನಡೆದುಹೋಗುವ ಸಂಗತಿ. ಮನುಷ್ಯನ ಶೀಲವು ಪರರ ದೃಷ್ಟಿಯಿಂದ ಮರೆಯಾದಾಗ ಅವನು ಏನು ಮಾಡುತ್ತಾನೆಂಬುದರಿಂದಲೇ ನಿಶ್ಚಯವಾಗುವುದಾದರೆ, ಮುಚ್ಚಿದ ಆ ಬಾಗಿಲಿನ ಹಿಂದೆ ಹತ್ತು ವರುಷದ ಬಾಲಕನು ಮಹತ್ತಾದ ಪರೀಕ್ಷೆಯೊಂದರಲ್ಲಿ ಉತ್ತೀರ್ಣನಾದನೆಂದೇ ಹೇಳಬೇಕು.

ಪ್ರಶ್ನೆ ಹುಟ್ಟುವುದು ಇದರ ಮುಂದೆ. ಅದೇ ಬಾಲಕನು ಈದ್ ಕಳೆದ ಮೇಲೆ ತಂದೆಯ ಅಂಗಡಿಯ ತಕ್ಕಡಿಯನ್ನು ಹಿಡಿದಾಗ, ಶಾಲೆಯ ಪರೀಕ್ಷಾ ಕೊಠಡಿಯಲ್ಲಿ ಪಕ್ಕದವನ ಉತ್ತರಪತ್ರಿಕೆ ಕಣ್ಣಿಗೆ ಬಿದ್ದಾಗ, ರಾತ್ರಿ ಮೊಬೈಲನ್ನು ಹಿಡಿದು ಒಬ್ಬನೇ ಕುಳಿತಾಗ, ಅದೇ ನಿಗ್ರಹವನ್ನು ತೋರುವನೇ? ತೋರುವಂತೆ ಮಾಡುವುದೇ ಧಾರ್ಮಿಕ ಶಿಕ್ಷಣದ ಗುರಿಯೆಂದು ನಾವು ತಿಳಿಯುತ್ತೇವೆ. ಮತ್ತು ಆ ಗುರಿಯತ್ತ ನಮ್ಮ ಊರುಗಳ ಅರಬಿ ಸಾಲಿಗಳು ಎಷ್ಟು ದೂರ ನಡೆದಿವೆ, ಎಲ್ಲಿ ನಿಂತುಬಿಟ್ಟಿವೆ ಎಂಬುದನ್ನು ನಿರ್ಮಲ ಮನಸ್ಸಿನಿಂದ ಪರಿಶೀಲಿಸಲು ರಂಜಾನಿಗಿಂತ ತಕ್ಕ ಕಾಲ ಬೇರೊಂದಿಲ್ಲ.

ಭೀಮೆ–ಕೃಷ್ಣೆಯರ ನಡುವೆ

ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿಯ ಎರೆಮಣ್ಣಿನ ಬಯಲು. ಲಿಂಬೆಯ ತೋಟಗಳಿಗೆ ಹೆಸರಾದ ಇಂಡಿ, ಜೋಳ ತೊಗರಿ ಹತ್ತಿಗಳ ಸಿಂದಗಿ, ತಾಳಿಕೋಟಿಯನ್ನು ಮೊನ್ನೆಮೊನ್ನೆಯವರೆಗೆ ತನ್ನೊಳಗೇ ಇಟ್ಟುಕೊಂಡಿದ್ದ ಮುದ್ದೇಬಿಹಾಳ, ಬಸವಣ್ಣನವರ ಜನ್ಮದಿಂದ ಪಾವನವಾದ ಬಾಗೇವಾಡಿ: ಇವು ವಿಜಯಪುರ ಜಿಲ್ಲೆಯ ನಾಲ್ಕು ಹಳೆಯ ತಾಲೂಕುಗಳು. 2011ರ ಜನಗಣತಿಯ ಮೇರೆಗೆ ಜಿಲ್ಲೆಯ ಜನಸಂಖ್ಯೆಯಲ್ಲಿ ಶೇಕಡಾ 17ರಷ್ಟು ಮುಸಲ್ಮಾನರು.

ಇವರ ಮಕ್ಕಳಲ್ಲಿ ಬಹುಪಾಲು ಹಗಲಿನಲ್ಲಿ ಕನ್ನಡ ಶಾಲೆಗೋ ಉರ್ದು ಶಾಲೆಗೋ ಹೋಗುವವರು. ಫಜರ್ ನಮಾಜಿನ ಬಳಿಕ, ಇಲ್ಲವೇ ಸಂಜೆ ಅಸರ್‌ನಿಂದ ಇಶಾದವರೆಗಿನ ಅವಧಿಯಲ್ಲಿ, ಮನೆಮನೆಗಳಿಂದ “ಅರಬಿ ಸಾಲಿಗಿ ಹೊತ್ತಾತು, ಟೊಪ್ಪಿಗಿ ಎಲ್ಲಿಟ್ಟೀಯೋ?” ಎಂಬ ಕೂಗು ಕೇಳಿಬರುತ್ತದೆ, ಶಾಲೆಯ ಸಮವಸ್ತ್ರವನ್ನೂ ಕಳಚದ ಹುಡುಗರು, ತಲೆಯ ಮೇಲೆ ಓಢಣಿ ಎಳೆದುಕೊಂಡ ಹುಡುಗಿಯರು, ಮಸೂತಿಯ ಪಡಸಾಲೆಯಲ್ಲಿ ಸಾಲಾಗಿ ಕುಳಿತು ಮರದ ರೆಹಲ್ಲಿನ ಮೇಲೆ ನೂರಾನಿ ಕಾಯಿದಾ ತೆರೆಯುತ್ತಾರೆ.

ಅಲಿಫ್, ಬೇ, ತೇಗಳಿಂದ ತೊಡಗಿ ಅಕ್ಷರಗಳ ಉಚ್ಚಾರ, ಕಲಿಮಾಗಳು, ಊಟಕ್ಕೆ ಮುಂಚಿನ ಮತ್ತು ನಿದ್ರೆಗೆ ಮುಂಚಿನ ದುವಾಗಳು, ನಮಾಜಿನ ಕ್ರಮ. ಅನಂತರ ಮೂವತ್ತು ಪಾರಾಗಳ ಕುರ್‌ಆನನ್ನು ನೋಡಿ ಓದುವ ನಾಜಿರಾ. ಧಾರಣಶಕ್ತಿಯೂ ತಾಯ್ತಂದೆಗಳ ಹಂಬಲವೂ ಕೂಡಿಬಂದಲ್ಲಿ ಸಮಗ್ರವಾಗಿ ಬಾಯಿಪಾಠ ಮಾಡುವ ಹಿಫ್ಜ್. ಇದಿಷ್ಟು ಪಾಠಕ್ರಮ. ಅನೇಕ ಓಣಿಗಳಲ್ಲಿ ಹೆಣ್ಣುಮಕ್ಕಳಿಗೆ ‘ಆಪಾ’ ಒಬ್ಬರು ತಮ್ಮ ಮನೆಯಲ್ಲಿಯೇ ಈ ಪಾಠವನ್ನು ಹೇಳಿಕೊಡುತ್ತಾರೆ.

> ಮಕ್ತಬ್ ಬೇರೆ, ಮದರಸಾ ಬೇರೆ
>
> ಶಾಲೆಗೆ ಹೋಗುವ ಪ್ರಾಯದ ಮುಸ್ಲಿಮ್ ಮಕ್ಕಳಲ್ಲಿ ಪೂರ್ಣಾವಧಿಯ ಮದರಸಾಗಳಲ್ಲಿ ಓದುವವರು ಶೇಕಡಾ 3ರಿಂದ 4ರಷ್ಟು ಮಾತ್ರವೆಂದು 2006ರ ಸಾಚಾರ್ ಸಮಿತಿಯ ವರದಿ ತೋರಿಸಿತು. ಉಳಿದವರಲ್ಲಿ ಓದುತ್ತಿರುವವರು ಸಾಮಾನ್ಯ ಶಾಲೆಯ ವಿದ್ಯಾರ್ಥಿಗಳು. ಅವರಿಗೆ ಧರ್ಮದ ಪಾಠ ದೊರೆಯುವುದು ಮಸೂತಿಯ ಮಕ್ತಬ್‌ನಲ್ಲಿ ಅಥವಾ ಮನೆಯಲ್ಲಿ.
>
> ಸಂಪೂರ್ಣವಾಗಿ ಸರಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆಗೆ ಸಂವಿಧಾನದ 28ನೆಯ ವಿಧಿ ಎಡೆಗೊಡುವುದಿಲ್ಲ. ಮನ್ನಣೆ ಅಥವಾ ಅನುದಾನ ಪಡೆದ ಇತರ ಶಾಲೆಗಳಲ್ಲಿಯೂ ಪೋಷಕರ ಸಮ್ಮತಿಯಿಲ್ಲದೆ ಮಗುವನ್ನು ಅಂಥ ಬೋಧನೆಗೆ ಕೂರಿಸುವಂತಿಲ್ಲ. ಆದಕಾರಣ ಮಸೂತಿಯ ಆ ಒಂದು ಗಂಟೆಯ ಹೊಣೆ ಹಿರಿದಾದುದು.

ಹಾಲಿಗೆ ನೀರು ಬೆರೆಸದ ಹುಡುಗಿ

ನಮ್ಮ ಮಾತಿಗೆ ಕೇಂದ್ರವಾಗಬಲ್ಲ ಒಂದು ಕಥೆಯನ್ನು ಅರಬಿ ಸಾಲಿಯ ಮಕ್ಕಳು ತಲೆಮಾರುಗಳಿಂದ ಕೇಳುತ್ತ ಬಂದಿದ್ದಾರೆ. ಎರಡನೆಯ ಖಲೀಫರಾದ ಹಜರತ್ ಉಮರ್ ಅವರು ಮದೀನೆಯ ಬೀದಿಗಳಲ್ಲಿ ರಾತ್ರಿಯ ಹೊತ್ತು ವೇಷ ಮರೆಸಿ ತಿರುಗುತ್ತಿರಲು, ಒಂದು ಗೋಡೆಯ ಹಿಂದಿನಿಂದ ತಾಯಿಯೊಬ್ಬಳು ಮಗಳಿಗೆ ಹಾಲಿಗೆ ನೀರು ಬೆರೆಸೆಂದು ಹೇಳುವುದೂ, ಖಲೀಫರು ಅದನ್ನು ನಿಷೇಧಿಸಿರುವರೆಂದು ಮಗಳು ನೆನಪಿಸುವುದೂ ಕೇಳಿಬರುತ್ತದೆ.

ಈ ಅಪರಾತ್ರಿಯಲ್ಲಿ ಉಮರ್ ಎಲ್ಲಿ ನೋಡುತ್ತಾನೆಂದು ತಾಯಿ ಗದರಲು, ಉಮರ್ ನೋಡದಿದ್ದರೇನು, ಉಮರನ ಒಡೆಯನು ನೋಡುತ್ತಿರುವನಲ್ಲ ಎಂದು ಹುಡುಗಿ ಉತ್ತರಿಸುತ್ತಾಳೆ. ಆ ಬಡ ಹುಡುಗಿಯನ್ನು ಖಲೀಫರು ತಮ್ಮ ಮಗನಿಗೆ ತಂದುಕೊಂಡರು. ನ್ಯಾಯನಿಷ್ಠೆಗೆ ಪ್ರಸಿದ್ಧರಾದ ಉಮರ್ ಬಿನ್ ಅಬ್ದುಲ್ ಅಜೀಜರು ಅವಳ ಮಗಳ ಹೊಟ್ಟೆಯಲ್ಲಿ ಹುಟ್ಟಿದವರೆಂದು ಪರಂಪರೆ ಹೇಳುತ್ತದೆ.

ಇನ್ನೊಂದು ಕಥೆ ಸಂತ ಜೀಲಾನಿಯವರ ಸ್ಮರಣೆಯ ಗ್ಯಾರವಿಯ ದಿನಗಳಲ್ಲಿ ದಖ್ಖನಿನ ಮನೆಗಳಲ್ಲೆಲ್ಲ ಕೇಳಿಬರುವಂಥದು. ವಿದ್ಯಾರ್ಜನೆಗಾಗಿ ಬಗ್ದಾದಿಗೆ ಹೊರಟ ಬಾಲಕ ಅಬ್ದುಲ್ ಖಾದಿರ್ ಜೀಲಾನಿಯವರ ಅಂಗಿಯೊಳಗೆ ತಾಯಿ ನಲವತ್ತು ದೀನಾರುಗಳನ್ನು ಹೊಲಿದು, ಸುಳ್ಳಾಡಬೇಡವೆಂದು ಮಾತು ತೆಗೆದುಕೊಂಡು ಕಳುಹಿಸಿದಳು. ದಾರಿಯಲ್ಲಿ ದರೋಡೆಗಾರರು ನಿನ್ನಲ್ಲೇನಿದೆಯೆಂದು ಕೇಳಿದಾಗ ಬಾಲಕನು ಇದ್ದುದನ್ನು ಇದ್ದಂತೆ ಹೇಳಿಬಿಟ್ಟನು. ಆ ಸತ್ಯದ ಮುಂದೆ ದರೋಡೆಗಾರರ ಮನಸ್ಸೇ ತಿರುಗಿತು.

ಈ ಎರಡು ಕಥೆಗಳಲ್ಲಿ ಎಲ್ಲಿಯೂ ಬೆತ್ತವಿಲ್ಲ, ನರಕದ ವರ್ಣನೆಯಿಲ್ಲ. ಇರುವುದು ಒಂದೇ: ಯಾರೂ ನೋಡದಿರುವಾಗಲೂ ಒಬ್ಬನು ನೋಡುತ್ತಿದ್ದಾನೆಂಬ ಅರಿವು ಭಯವಾಗದೆ ಆತ್ಮಗೌರವವಾಗಿ ಪರಿಣಮಿಸಿದ ಎಳೆಯ ಮನಸ್ಸು. ದೇವರನ್ನು ಕಣ್ಣಾರೆ ಕಾಣುತ್ತಿರುವೆನೆಂಬಂತೆ ಆರಾಧಿಸಬೇಕು, ತಾನು ಕಾಣದಿದ್ದರೂ ಅವನು ತನ್ನನ್ನು ಕಾಣುತ್ತಿರುವನೆಂದು ತಿಳಿಯಬೇಕು ಎಂದು ಪ್ರವಾದಿ ಮುಹಮ್ಮದರು ಇಹ್ಸಾನಿಗೆ ಕೊಟ್ಟ ವಿವರಣೆ, ಮಕ್ಕಳ ಮಟ್ಟಕ್ಕೆ ಇಳಿದು ಬರುವುದು ಇಂಥ ಕಥೆಗಳಲ್ಲಿಯೇ.

ಇಂಡಿಯ ಪೇಟೆಯಲ್ಲಿ ಲಿಂಬೆಹಣ್ಣು ಎಣಿಸುವ ಮನೆತನದ ಹುಡುಗನಿಗೂ, ಕೊಲ್ಹಾರದ ಮೊಸರು ಮಾರುವ ಮನೆಯ ಹುಡುಗಿಗೂ ಈ ಪಾಠ ದೂರದ ಅರಬಸ್ಥಾನದ್ದಲ್ಲ. ಅಳತೆ ತೂಕಗಳಲ್ಲಿ ವಂಚಿಸುವವರನ್ನೇ ಕುರಿತು ಕುರ್‌ಆನಿನಲ್ಲಿ ಒಂದು ಅಧ್ಯಾಯವುಂಟು, 83ನೆಯದು. ತಾವು ಕೊಳ್ಳುವಾಗ ತುಂಬ ಅಳೆಸಿಕೊಂಡು, ಕೊಡುವಾಗ ಕಡಿಮೆ ಮಾಡುವವರಿಗೆ ಅಲ್ಲಿ ಕಠೋರವಾದ ಎಚ್ಚರಿಕೆಯಿದೆ. ಆ ಅಧ್ಯಾಯವನ್ನು ತಪ್ಪಿಲ್ಲದೆ ಓದಬಲ್ಲ ಬಾಲಕನಿಗೆ ಅದು ತನ್ನ ತಂದೆಯ ತಕ್ಕಡಿಯ ಮಾತೆಂದು ತಿಳಿದಿರಬೇಡವೇ?

ಬೀಸುವ ಕಲ್ಲಿನ ಬಳಿಯ ಗುರುಕುಲ

ನಾವು ಇಲ್ಲಿ ಇತಿಹಾಸದತ್ತ ತಿರುಗಬೇಕು. ಏಕೆಂದರೆ ಧರ್ಮವನ್ನು ಜನರ ಮಾತಿನಲ್ಲಿ ಕಲಿಸುವ ವಿದ್ಯೆ ಈ ಜಿಲ್ಲೆಗೆ ಹೊರಗಿನಿಂದ ಬರಬೇಕಾದುದಲ್ಲ, ಇಲ್ಲಿಯೇ ಬೆಳೆದುದು.

ಆದಿಲಶಾಹಿಗಳ ವಿಜಾಪುರದಲ್ಲಿ ಶಾಸ್ತ್ರಾಧ್ಯಯನಕ್ಕೆ ರಾಜಾಶ್ರಯವಿತ್ತು. ಇತಿಹಾಸಕಾರ ಫರಿಶ್ತಾ ತನ್ನ ಮಹಾಗ್ರಂಥವನ್ನು ರಚಿಸಿದ್ದು ಎರಡನೆಯ ಇಬ್ರಾಹಿಮ್ ಆದಿಲಶಹನ ಆ ನಗರದಲ್ಲಿಯೇ. ಜುಮ್ಮಾ ಮಸೀದಿಯ ಸ್ವರ್ಣಮಯವಾದ ಮಿಹ್ರಾಬಿನ ಮೇಲೆ ಬದುಕಿನ ಅನಿತ್ಯತೆಯನ್ನು ನೆನಪಿಸುವ ಪಾರ್ಸಿ ಸಾಲುಗಳನ್ನು ಇಂದಿಗೂ ಕಾಣಬಹುದು. ಆದರೆ ಅರಬಿ ಪಾರ್ಸಿಗಳು ಪಂಡಿತರ ಸೊತ್ತಾಗಿದ್ದುವು. ಹಳ್ಳಿಯ ಹೆಂಗಸಿಗೆ, ನೇಕಾರನಿಗೆ, ಪಿಂಜಾರನಿಗೆ ಅವು ತಲುಪುವಂತಿರಲಿಲ್ಲ.

> ಆಸಾರ್ ಮಹಲಿನ ವಿದ್ಯಾರ್ಥಿಗಳು
>
> ಪ್ರವಾದಿಯವರ ಪವಿತ್ರ ಕೇಶವನ್ನು ಇರಿಸಿರುವ ಆಸಾರ್ ಮಹಲ್ ಮುಹಮ್ಮದ್ ಆದಿಲಶಹನ ಕಾಲದಲ್ಲಿ, 1646ರ ಸುಮಾರಿಗೆ, ನ್ಯಾಯಸಭೆಯಾಗಿ ಕಟ್ಟಲ್ಪಟ್ಟಿತು. ಅದಕ್ಕೆ ಹೊಂದಿ ನಡೆದ ಪಾಠಶಾಲೆಯ ವಿದ್ಯಾರ್ಥಿಗಳಿಗೆ ಊಟವೂ ಪುಸ್ತಕಗಳೂ ತಿಂಗಳಿಗೊಂದು ಹೊನ್ನೂ ದೊರೆಯುತ್ತಿದ್ದುದನ್ನು ‘ಬಸಾತೀನ್-ಉಸ್-ಸಲಾತೀನ್’ ದಾಖಲಿಸುತ್ತದೆ. ಈ ಕೃತಿಯೂ ಸೇರಿದಂತೆ ಆದಿಲಶಾಹಿ ಕಾಲದ ಸಾಹಿತ್ಯವನ್ನು ಕನ್ನಡಕ್ಕೆ ತರುವ ವಿಜಯಪುರದ ಯೋಜನೆಯ ನೇತೃತ್ವ ವಹಿಸಿದವರು ಸಿಂದಗಿ ತಾಲೂಕಿನ ಗುಬ್ಬೇವಾಡದಲ್ಲಿ ಹುಟ್ಟಿದ ಡಾ. ಎಂ. ಎಂ. ಕಲಬುರ್ಗಿಯವರು.

ಹಳ್ಳಿಯ ಆ ಸಾಮಾನ್ಯ ಜನರನ್ನು ತಲುಪಿದವರು ನಗರದ ಹೊರಗೆ ಶಾಹಪುರದ ದಿಬ್ಬದ ಮೇಲೆ ನೆಲೆಸಿದ ಚಿಶ್ತಿ ಸೂಫಿಗಳು. ಶಾಹ್ ಮೀರಾಂಜಿ ಶಮ್ಸುಲ್ ಉಷ್ಷಾಖ್, ಅವರ ಪುತ್ರ ಬುರ್ಹಾನುದ್ದೀನ್ ಜಾನಮ್, ಪೌತ್ರ ಅಮೀನುದ್ದೀನ್ ಆಲಾ: ಮೂರು ತಲೆಮಾರುಗಳ ಈ ಗುರುಪರಂಪರೆ ಜನರಾಡುವ ದಖ್ಖನಿಯಲ್ಲಿ ಬರೆಯಿತು. ಜಾನಮರ ‘ಇರ್ಶಾದ್‌ನಾಮಾ’ 1582ರದು. ಗುರುಶಿಷ್ಯರ ಪ್ರಶ್ನೋತ್ತರದ ರೂಪದಲ್ಲಿರುವ ಆ ಕೃತಿಯಲ್ಲಿ, ದೇಶಭಾಷೆಯಲ್ಲಿ ಬರೆದುದಕ್ಕಾಗಿ ಅವರು ಸಂಕೋಚಪಡದೆ ಅದನ್ನು ಸಮರ್ಥಿಸಿಕೊಂಡಿದ್ದಾರೆ.

ಇದಕ್ಕಿಂತಲೂ ಹೃದಯಂಗಮವಾದುದು ‘ಚಕ್ಕೀನಾಮಾ’ ಮತ್ತು ‘ಚರ್ಖಾನಾಮಾ’ಗಳ ಪರಂಪರೆ. ಹೆಂಗಸರು ಬೆಳಗಿನ ಜಾವದಲ್ಲಿ ಜೋಳ ಬೀಸುತ್ತ, ರಾಟಿಯಲ್ಲಿ ನೂಲುತ್ತ ಹಾಡಿಕೊಳ್ಳಲೆಂದು ಸೂಫಿಗಳೂ ಅವರ ಅನುಯಾಯಿಗಳೂ ಈ ಪದಗಳನ್ನು ಕಟ್ಟಿಕೊಟ್ಟರು. ಕಲ್ಲಿನ ಹಿಡಿಗೂಟದಲ್ಲಿ ದೇವನಾಮದ ಅಲಿಫ್ ಅಕ್ಷರವನ್ನೂ, ನಡುಗೂಟದಲ್ಲಿ ಪ್ರವಾದಿಯವರನ್ನೂ ಕಾಣುವ ಕಣ್ಣನ್ನು ಕೊಟ್ಟರು. ಈ ಸಾಹಿತ್ಯವನ್ನು ಆಳವಾಗಿ ಅಭ್ಯಸಿಸಿದ ರಿಚರ್ಡ್ ಈಟನ್, 1978ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ದಖ್ಖನಿನ ಸಾಮಾನ್ಯ ಜನರ ನಡುವೆ ಇಸ್ಲಾಮಿನ ಸರಳ ತತ್ತ್ವಗಳು ಹರಡಿದ್ದು ಇಂಥ ಹೆಂಗಸರ ಹಾಡುಗಳ ಮೂಲಕವೆಂದು ತೋರಿಸಿಕೊಟ್ಟಿದ್ದಾರೆ.

ಬೀಸುವ ತಾಯಿಯ ತೊಡೆಯ ಮೇಲೆ ಮಲಗಿದ್ದ ಮಗುವೇ ಆ ಗುರುಕುಲದ ವಿದ್ಯಾರ್ಥಿ. ಹಾಡಿನ ಅರ್ಥ ಅದಕ್ಕೆ ಮೊಲೆಹಾಲಿನ ಭಾಷೆಯಲ್ಲಿ ಇಳಿಯಿತು. ದುಡಿಮೆಯೂ ದೇವರೂ ಬೇರೆ ಬೇರೆಯಲ್ಲವೆಂಬುದು ಪಾಠವಿಲ್ಲದೆಯೇ ಪಾಠವಾಯಿತು.

ಬೀಸುವ ಕಲ್ಲಿನ ಹಾಡಿನ ಬೆಲೆಯನ್ನು ಕನ್ನಡಕ್ಕೆ ತಿಳಿಸಿಕೊಟ್ಟವರೂ ಇದೇ ಸೀಮೆಯವರೆಂಬುದು ಎಂಥ ಸುಯೋಗ! ಆಗ ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪನವರ ಜೊತೆಯಲ್ಲಿ ಆ ಬಳಗದ ಅವಿಭಾಜ್ಯ ಅಂಗವಾಗಿದ್ದವರು ಪಿ. ಧೂಲಾಸಾಹೇಬರು. ಒಬ್ಬ ಮುಸಲ್ಮಾನನು ಊರೂರು ತಿರುಗಿ ಗರತಿಯರ ಕನ್ನಡ ಪದಗಳನ್ನು ಬರೆದುಕೊಂಡುದರಲ್ಲಿ ಆ ಕಾಲದವರಿಗೆ ಯಾವ ಸೋಜಿಗವೂ ಕಾಣಲಿಲ್ಲ.

ಅರ್ಥವಿಲ್ಲದ ಓದು, ಬೆತ್ತದ ನೆರಳು

ಇಂದಿನ ಅರಬಿ ಸಾಲಿಯ ದೊಡ್ಡ ಕೊರತೆ, ಜನರ ಮಾತಿನಲ್ಲಿ ಕಲಿಸುವ ಈ ವಿದ್ಯೆಯನ್ನು ಮರೆತುದರಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ. ಪಟ್ಟಣಗಳಲ್ಲಿ ದಖ್ಖನಿ ಮನೆಮಾತಾದರೂ ಹಳ್ಳಿಗಳ ನದಾಫ ಪಿಂಜಾರ ಕುಟುಂಬಗಳೇ ಮೊದಲಾದ ಅನೇಕರ ಮಾತು ಕನ್ನಡ. ಕನ್ನಡ ಶಾಲೆಯಲ್ಲಿ ಓದುವ ಆ ಮಕ್ಕಳಿಗೆ ಉರ್ದು ಲಿಪಿ ಬಾರದು, ಅರಬಿಯ ಅರ್ಥ ಮೊದಲೇ ತಿಳಿಯದು. ಆದರೆ ದೀನಿಯಾತಿನ ಪುಸ್ತಕಗಳು ಬಹುಮಟ್ಟಿಗೆ ಉರ್ದುವಿನಲ್ಲಿವೆ. ಮಗುವು ಉಚ್ಚಾರವನ್ನು ನಿರ್ದುಷ್ಟವಾಗಿ ಕಲಿಯುತ್ತದೆ, ಅರ್ಥದ ಬಾಗಿಲಲ್ಲಿ ನಿಂತುಬಿಡುತ್ತದೆ.

ಉಚ್ಚಾರಶುದ್ಧಿಯನ್ನು ಹಗುರವಾಗಿ ಕಾಣುವವರು ನಾವಲ್ಲ. 6,000ಕ್ಕೂ ಮಿಕ್ಕ ಆಯತುಗಳನ್ನು ಹೃದಯದಲ್ಲಿ ಧರಿಸಿ ತರಾವೀಹ್ ನಮಾಜಿನಲ್ಲಿ ಊರ ಹಿರಿಯರ ಮುಂದೆ ನಿಲ್ಲುವ ಎಳೆಯ ಹಾಫಿಜನ ತಪಸ್ಸಿಗೆ ತಲೆಬಾಗದವರಾರು? ಆದರೆ ಸಚ್ಚಾರಿತ್ರ್ಯವನ್ನು ಪೂರ್ಣಗೊಳಿಸಲೆಂದೇ ತಾವು ಕಳುಹಿಸಲ್ಪಟ್ಟವರೆಂದು ಪ್ರವಾದಿಯವರೇ ಹೇಳಿದರೆಂಬ ಪರಂಪರೆಯುಳ್ಳ ಧರ್ಮದಲ್ಲಿ, ಚಾರಿತ್ರ್ಯದ ಪಾಠವು ಸಮಯ ಉಳಿದರೆ ಹೇಳುವ ಪಾಠವಾಗಕೂಡದು.

ಮಕ್ಕಳಿಗೆ ಒದಗಬಲ್ಲ ಸಾಮಗ್ರಿಯಾದರೂ ಎಷ್ಟು ಸಮೃದ್ಧವಾಗಿದೆ! ಮೂವತ್ತೊಂದನೆಯ ಅಧ್ಯಾಯದಲ್ಲಿ ಲುಖ್ಮಾನನು ಮಗನಿಗೆ ಹೇಳುವ ಬುದ್ಧಿವಾದವಿದೆ: ತಾಯ್ತಂದೆಗಳಿಗೆ ಕೃತಜ್ಞನಾಗಿರು, ಜನರೆದುರು ಮುಖ ತಿರುಗಿಸಿ ಗರ್ವ ತೋರಬೇಡ, ನಡಿಗೆಯಲ್ಲಿ ಮಿತವಿರಲಿ, ದನಿ ತಗ್ಗಿರಲಿ ಎಂಬುದು ಅದರ ತಾತ್ಪರ್ಯ. ನಲವತ್ತೊಂಬತ್ತನೆಯದು ಪರಿಹಾಸ್ಯ, ಅಡ್ಡಹೆಸರು, ಸಂಶಯ, ಚಾಡಿಗಳನ್ನು ಒಂದೊಂದಾಗಿ ಹೆಸರಿಸಿ ನಿಷೇಧಿಸುತ್ತದೆ. ಶಾಲೆಯ ಅಂಗಳದಲ್ಲಿ ದಿನವೂ ನಡೆಯುವ ಜಗಳಗಳಿಗೆ ಇದಕ್ಕಿಂತ ಹತ್ತಿರವಾದ ಪಾಠವುಂಟೇ?

ಏಳೇ ಆಯತುಗಳ ನೂರೇಳನೆಯ ಅಧ್ಯಾಯವನ್ನು ನಮಾಜು ಕಲಿತ ಮಕ್ಕಳೆಲ್ಲರೂ ಬಲ್ಲರು. ಅನಾಥನನ್ನು ತಳ್ಳುವವನನ್ನೂ, ನಮಾಜು ಮಾಡಿಯೂ ನೆರೆಯವರಿಗೆ ಸಣ್ಣಪುಟ್ಟ ಉಪಕಾರವನ್ನು ನಿರಾಕರಿಸುವವನನ್ನೂ ಅದು ಖಂಡಿಸುತ್ತದೆ. ಈದಿನ ನಮಾಜಿಗೆ ಮುಂಚೆ ಬಡವರಿಗೆ ಫಿತ್ರಾ ಒಯ್ದುಕೊಡುವ ಮಗುವಿಗೆ, ಸುರಕುಂಬಾದ ಬೋಗುಣಿ ಹಿಡಿದು ಪಕ್ಕದ ಮನೆಯ ಗೌಡರಿಗೋ ಮಠದ ಅಯ್ಯನವರಿಗೋ ಕೊಟ್ಟುಬರುವ ಮಗುವಿಗೆ, ತಾನು ಮಾಡುತ್ತಿರುವುದು ತಾನು ಬಾಯಿಪಾಠ ಹೇಳುವ ಆ ಅಧ್ಯಾಯದ ಆಚರಣೆಯೇ ಎಂದು ಯಾರಾದರೂ ತಿಳಿಸಿ ಹೇಳಬೇಕು. ಆಗ ಓದಿದ್ದೂ ಮಾಡಿದ್ದೂ ಕೂಡಿಕೊಳ್ಳುತ್ತವೆ.

ಬೆತ್ತದ ವಿಷಯ ಇನ್ನಷ್ಟು ನೋವಿನದು. ಹೊಡೆದು ಕಲಿಸುವುದು ಧರ್ಮಸಮ್ಮತವೆಂದೂ, 'ಉಸ್ತಾದರ ಏಟು ಬಿದ್ದ ಜಾಗ ಪುನೀತ'ವೆಂದೂ ನಂಬುವ ತಂದೆತಾಯಿಗಳು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಆದರೆ ಮುಸ್ಲಿಮ್ ಶಿಕ್ಷಣಚಿಂತನೆಯ ಆಚಾರ್ಯರು ಹೇಳಿದ್ದು ಬೇರೆ.

ಹನ್ನೊಂದನೆಯ ಶತಮಾನದಲ್ಲಿ ಹುಟ್ಟಿದ ಇಮಾಮ್ ಗಜಾಲಿಯವರು ‘ಇಹ್ಯಾ’ ಗ್ರಂಥದಲ್ಲಿ ಮಕ್ಕಳ ಪಾಲನೆಯನ್ನು ಕುರಿತು ಬರೆಯುತ್ತ, ಮಗುವಿನ ತಪ್ಪನ್ನು ಮೊದಲ ಸಲ ಕಂಡೂ ಕಾಣದಂತಿರಬೇಕು, ನಾಲ್ವರೆದುರು ಬಯಲಿಗೆಳೆಯಬಾರದು, ಮರುಕಳಿಸಿದರೆ ಏಕಾಂತದಲ್ಲಿ ತಿದ್ದಬೇಕು, ಪಾಠದ ಬಳಿಕ ಆಟಕ್ಕೆ ಬಿಡಬೇಕು, ಆಟವನ್ನು ತಡೆದರೆ ಮಗುವಿನ ಹೃದಯವೇ ಸಾಯುತ್ತದೆ ಎಂಬ ಅಭಿಪ್ರಾಯವನ್ನು ನೀಡಿದ್ದಾರೆ. ಹದಿನಾಲ್ಕನೆಯ ಶತಮಾನದ ಇಬ್ನ್ ಖಲ್ದೂನ್ ಇನ್ನೂ ಮುಂದೆ ಹೋಗಿ, ಕಠೋರ ಶಿಕ್ಷೆಯಲ್ಲಿ ಬೆಳೆದ ಬಾಲಕನು ಏಟಿಗೆ ಹೆದರಿ ಸುಳ್ಳನ್ನೂ ಕಪಟವನ್ನೂ ಕಲಿಯುತ್ತಾನೆ, ಅದೇ ಅವನ ಸ್ವಭಾವವಾಗಿ ನಿಲ್ಲುತ್ತದೆ ಎಂದು ಎಚ್ಚರಿಸಿದ್ದಾನೆ.

ಬಾಲಕ ಅನಸ್ ಹತ್ತು ವರುಷ ಪ್ರವಾದಿಯವರ ಸೇವೆಯಲ್ಲಿದ್ದೂ ಒಮ್ಮೆಯೂ ಅವರಿಂದ ಬೇಸರದ ಉದ್ಗಾರವನ್ನು ಕೇಳಲಿಲ್ಲವೆಂಬುದು ಹದೀಸುಗಳಲ್ಲಿ ಪ್ರಸಿದ್ಧವಾದ ಸಂಗತಿ. ಏಟಿಗೆ ಹೆದರಿ ಸುಳ್ಳಾಡುವುದನ್ನು ಕಲಿತ ಮಗುವಿಗೆ ಹಾಲಿನ ಹುಡುಗಿಯ ಕಥೆ ಹೇಳಿ ಏನು ಪ್ರಯೋಜನ? ಬೆತ್ತವಿರುವಾಗ ಬಾಲಕನು ನೋಡುವುದು ಬೆತ್ತ ಹಿಡಿದ ಕೈಯನ್ನು. ಆ ಕೈ ಮರೆಯಾದೊಡನೆ ಶಿಸ್ತೂ ಮರೆಯಾಗುತ್ತದೆ.

ಗುರುವಿನ ಬದುಕೇ ಪುಸ್ತಕ

ದಖ್ಖನಿನ ಪಾಠಶಾಲೆಗಳಲ್ಲಿ ಬಹುಕಾಲ ಓದಿಸುತ್ತಿದ್ದ ಶೇಖ್ ಸಾದಿಯ ‘ಗುಲಿಸ್ತಾನ್’ 1258ರ ಕೃತಿ. ಅದರ ಎಂಟು ಅಧ್ಯಾಯಗಳಲ್ಲಿ ಏಳನೆಯದು ಶಿಕ್ಷಣದ ಪ್ರಭಾವವನ್ನೇ ಕುರಿತದ್ದು. ಆದರೆ ಯಾವ ಗುಲಿಸ್ತಾನಿಗಿಂತಲೂ ಹೆಚ್ಚಾಗಿ ಮಗುವು ಓದುವುದು ತನ್ನೆದುರು ಕುಳಿತ ಹಜರತರನ್ನು. ಬೀದರಿನಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗಾವಾನನು ಬಹಮನಿ ರಾಜ್ಯದ ಪ್ರಧಾನಿಯಾಗಿದ್ದೂ ಮಣ್ಣಿನ ಪಾತ್ರೆಯಲ್ಲುಂಡು, ಚಾಪೆಯ ಮೇಲೆ ಮಲಗಿ, ಗಳಿಸಿದ್ದನ್ನು ಬಡವರಿಗೆ ಹಂಚುತ್ತಿದ್ದನೆಂದು ಇತಿಹಾಸಕಾರರು ಬರೆದಿಟ್ಟಿದ್ದಾರೆ. ಆ ಕಟ್ಟಡದ ಘನತೆಗೆ ಅವನ ಸರಳತೆಯೇ ಅಸ್ತಿಭಾರ.

ಇಂದು ನಮ್ಮ ಹಳ್ಳಿಗಳ ಹಜರತರು ಸರಳವಾಗಿ ಬದುಕುತ್ತಿರುವುದು ಬಹುವೇಳೆ ಸ್ವಂತ ಇಚ್ಛೆಯಿಂದಲ್ಲ, ನಮ್ಮ ಔದಾಸೀನ್ಯದಿಂದ. ಐದು ಹೊತ್ತಿನ ನಮಾಜು, ಮದುವೆ, ಜನಾಜಾ, ಜೊತೆಗೆ ಎರಡು ಹೊತ್ತಿನ ಪಾಠ. ಇಷ್ಟಕ್ಕೆ ಸಣ್ಣ ಜಮಾತುಗಳು ಕೊಡುವ ವೇತನದಲ್ಲಿ ಸಂಸಾರ ಸಾಗುವುದು ದುಸ್ತರ. ರಾಜ್ಯದ 2025–26ರ ಮುಂಗಡಪತ್ರದಲ್ಲಿ ಪೇಶ್ ಇಮಾಮರ ಮಾಸಿಕ ಗೌರವಧನವನ್ನು 6,000 ರೂಪಾಯಿಗೆ ಏರಿಸುವುದಾಗಿ ಘೋಷಿಸಲಾಯಿತು. ಅದು ಸ್ವಾಗತಾರ್ಹವೇ ಆದರೂ, ತಿಂಗಳ ಕೂಲಿಗೂ ಸಾಟಿಯಾಗದ ಮೊತ್ತವೆಂಬುದನ್ನು ಮರೆಯುವಂತಿಲ್ಲ.

ನಾಳೆಯ ಹಿಟ್ಟಿಗೆ ಚಿಂತಿಸುವ ಗುರುವಿನಿಂದ ಪ್ರಸನ್ನವಾದ ಮುಖವನ್ನೂ ತಾಳ್ಮೆಯನ್ನೂ ನಿರೀಕ್ಷಿಸುವುದು ಅನ್ಯಾಯ. ಬೋಧನಕ್ರಮವನ್ನು ಕಲಿಸದೆ ಒಬ್ಬನೇ ವ್ಯಕ್ತಿಯ ಮುಂದೆ ಐದು ವರುಷದವರನ್ನೂ ಹದಿನೈದು ವರುಷದವರನ್ನೂ ಒಟ್ಟಿಗೆ ಕೂರಿಸಿ, ಆಮೇಲೆ ಬೆತ್ತ ಹಿಡಿದನೆಂದು ದೂರುವುದೂ ಅನ್ಯಾಯವೇ.

> ಕರಾವಳಿಯ ಕ್ರಮ
>
> ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಬಹುಪಾಲು ಮದರಸಾಗಳು ಹಗಲು ಶಾಲೆಯ ಮಕ್ಕಳಿಗೆಂದೇ ತರಗತಿವಾರು ನಡೆಯುತ್ತವೆ. 1951ರಲ್ಲಿ ಸ್ಥಾಪಿತವಾದ ಸಮಸ್ತ ಕೇರಳ ಇಸ್ಲಾಮ್ ಮತ ವಿದ್ಯಾಭ್ಯಾಸ ಬೋರ್ಡಿನ ಪಠ್ಯಕ್ರಮದಲ್ಲಿ ‘ಅಖ್ಲಾಖ್’, ಅಂದರೆ ನಡೆನುಡಿಯ ಪಾಠ, ಪ್ರತ್ಯೇಕ ವಿಷಯ. 5, 7, 10 ಮತ್ತು 12ನೆಯ ತರಗತಿಗಳಿಗೆ ಸಾರ್ವಜನಿಕ ಪರೀಕ್ಷೆಯುಂಟು.
>
> ಮಂಗಳೂರಿನ ಶಾಂತಿ ಪ್ರಕಾಶನವು ಕನ್ನಡದಲ್ಲಿ ಇಸ್ಲಾಮಿ ಸಾಹಿತ್ಯವನ್ನು ಹೊರತರುತ್ತ ಬಂದಿದೆ. ‘ಸನ್ಮಾರ್ಗ’ ಕನ್ನಡ ವಾರಪತ್ರಿಕೆ 1978ರಿಂದ ನಡೆಯುತ್ತಿದೆ.

ಕರಾವಳಿಯ ವ್ಯವಸ್ಥೆಯನ್ನು ಅದಿದ್ದಂತೆಯೇ ಭೀಮಾತೀರಕ್ಕೆ ತರಬೇಕೆಂಬುದು ನಮ್ಮ ವಾದವಲ್ಲ. ಕಬ್ಬು ಕಡಿಯಲು, ಕಟ್ಟಡದ ಕೂಲಿಗೆ ಮಹಾರಾಷ್ಟ್ರಕ್ಕೂ ಗೋವೆಗೂ ಗುಳೆ ಹೋಗುವ ಕುಟುಂಬಗಳ ಮಕ್ಕಳು ವರುಷವಿಡೀ ಒಂದೇ ಊರಿನಲ್ಲಿ ಕುಳಿತು ಪರೀಕ್ಷೆ ಬರೆಯಲಾರರು. ಆದರೆ ಎರಡು ಅಂಶಗಳನ್ನು ನಾವು ಎರವಲು ಪಡೆಯಲೇಬೇಕು: ನಡೆನುಡಿಗೆ ಪ್ರತ್ಯೇಕವಾದ ಹೊತ್ತು, ಮತ್ತು ಮಗುವಿಗೆ ತಿಳಿಯುವ ಭಾಷೆಯ ಪುಸ್ತಕ.

ಬಾಗೇವಾಡಿಯ ಮಗು

ಬಸವನ ಬಾಗೇವಾಡಿಯ ಕನ್ನಡ ಶಾಲೆಯಲ್ಲಿ ಓದುವ ಮುಸಲ್ಮಾನರ ಮಗುವೊಂದನ್ನು ಭಾವಿಸಿಕೊಳ್ಳಿರಿ. ಕಳಬಾರದು, ಹುಸಿಯಾಡಬಾರದು, ಮುನಿಯಬಾರದು, ತನ್ನನ್ನು ಬಣ್ಣಿಸಿಕೊಳ್ಳಬಾರದು ಎಂಬ ಬಸವಣ್ಣನವರ ಉಪದೇಶವನ್ನು ಅದು ಹಗಲಿನಲ್ಲಿ ಕಲಿಯುತ್ತದೆ. ಸಂಜೆ ಮಸೂತಿಯಲ್ಲಿ ಲುಖ್ಮಾನನ ಬುದ್ಧಿವಾದವನ್ನು ಓದುತ್ತದೆ. ಎರಡರ ಅರ್ಥವೂ ತಿಳಿದ ಮಗುವು ತನ್ನ ಶಾಲೆಗೂ ಮಸೂತಿಗೂ ನಡುವೆ ಗೋಡೆಯನ್ನು ಕಾಣಲಾರದು. ಒಂದರ ಅರ್ಥ ಮಾತ್ರ ತಿಳಿದು ಇನ್ನೊಂದು ಬರಿಯ ಧ್ವನಿಯಾಗಿ ಉಳಿದರೆ, ಆ ಧ್ವನಿಗೆ ಅರ್ಥವನ್ನು ತುಂಬಲು ಹೊರಗಿನ ದ್ವೇಷದ ಮಾತುಗಳು ಮೊಬೈಲಿನೊಳಗೆ ಕಾದುಕೊಂಡಿವೆ. ಈ ಅಪಾಯ ಒಂದೇ ಸಮುದಾಯದ ಮಕ್ಕಳಿಗೆ ಒದಗಿದುದಲ್ಲ.

ಮೊಹರಮ್ಮಿನಲ್ಲಿ ಕರ್ಬಲೆಯ ತ್ಯಾಗವನ್ನು ಕನ್ನಡದ ರಿವಾಯತ ಪದಗಳಲ್ಲಿ ಹಾಡುತ್ತ ಎಲ್ಲ ಜಾತಿಯವರೂ ಹೆಜ್ಜೆ ಹಾಕುವ ನಾಡು ಇದು. ಈ ಮೊಹರಮ್ ಆಚರಣೆಗಳ ಶಾಸ್ತ್ರೀಯತೆಯನ್ನು ಕುರಿತು ಉಲೇಮಾಗಳಲ್ಲಿ ಭಿನ್ನಾಭಿಪ್ರಾಯವುಂಟು, ಆ ಚರ್ಚೆ ಅವರದು. ಆದರೆ ಅನ್ಯಾಯಕ್ಕೆ ತಲೆಬಾಗದ ಹುಸೇನರ ಧೈರ್ಯ ಅಕ್ಷರ ಬಾರದ ರೈತನ ಬಾಯಿಗೂ ಬಂದುದು ಕನ್ನಡದಲ್ಲಿ ಬಂದುದರಿಂದಲೇ ಎಂಬುದು ನಿರ್ವಿವಾದ. ನೆರೆಯ ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರದಲ್ಲಿ ನೇಕಾರರಾಗಿದ್ದು, ಮೂರನೆಯ ತರಗತಿಗೆ ಶಾಲೆ ಬಿಟ್ಟು, 2018ರಲ್ಲಿ ಪದ್ಮಶ್ರೀ ಪುರಸ್ಕಾರ ಪಡೆದ ಇಬ್ರಾಹಿಮ್ ಸುತಾರರು ಕುರ್‌ಆನನ್ನೂ ವಚನವನ್ನೂ ತತ್ತ್ವಪದವನ್ನೂ ಒಂದೇ ವೇದಿಕೆಯಲ್ಲಿ ವಿವರಿಸಿ, ಸಾವಿರಾರು ಜನರನ್ನು ನಡುರಾತ್ರಿಯವರೆಗೆ ಕೂರಿಸುತ್ತಿದ್ದುದೂ ಕನ್ನಡದಲ್ಲಿಯೇ.

ಶವ್ವಾಲ್ ಬಂದು ಈದ್ ಕಳೆದೊಡನೆ ಮದರಸಾಗಳ ಹೊಸ ವರುಷ ತೊಡಗುತ್ತದೆ. ಜಮಾತಿನ ಹಿರಿಯರಲ್ಲಿ ನಮ್ಮ ಪ್ರಾರ್ಥನೆ ಇಷ್ಟೆ: ಜಕಾತಿನ ಹಣವನ್ನು ವೇತನಕ್ಕೆ ಕೊಡಲು ಶಾಸ್ತ್ರದ ತಡೆಯಿರಬಹುದು, ಚಂದಾ ಮತ್ತು ಲಿಲ್ಲಾ (ಐಚ್ಛಿಕ ದಾನದ) ನಿಧಿಗೆ ಆ ತಡೆಯಿಲ್ಲ, ಮಸೂತಿಯ ಮಿನಾರಿಗೆ ಬಣ್ಣ ಬಳಿಯುವ ಕೆಲಸವನ್ನು ಒಂದು ವರುಷ ಮುಂದಕ್ಕೆ ಹಾಕಿ, ಆ ಹಣದಲ್ಲಿ ಹಜರತರ ಮತ್ತು ಆಪಾಗಳ ಸಂಬಳವನ್ನು ಹೆಚ್ಚಿಸಿರಿ, ಕನ್ನಡದಲ್ಲಿ ಅರ್ಥ ಹೇಳುವ ಪುಸ್ತಕಗಳನ್ನು ತರಿಸಿರಿ, ಪಡಸಾಲೆಯಿಂದ ಬೆತ್ತವನ್ನು ತೆಗೆಸಿರಿ. ತಂದೆತಾಯಿಗಳು ಇಂದು ಇಫ್ತಾರಿನ ಬಳಿಕ ಮಗುವನ್ನು ಬಳಿಗೆ ಕರೆದು, ಎಷ್ಟು ಪಾರಾ ಆಯಿತೆಂದು ಕೇಳುವುದರ ಜೊತೆಗೆ, ಓದಿದ್ದರಲ್ಲಿ ಏನು ಹೇಳಿದೆಯೆಂದೂ ಕೇಳಲಿ.